ಗ್ಯಾರೇಜಿನ ಅರಸೀಕೆರೆ

ಮಗಳು ಮೇಘಾ ಡಲ್ಲಾಸ್ ಹತ್ತಿರದ ಪ್ರಾಸ್ಪರ್‌ನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಹೋದ ಶನಿವಾರ ನಮ್ಮಿಬ್ಬರನ್ನೂ ತೋರಿಸಲು ಕರೆದುಕೊಂಡು ಹೋಗಿದ್ದಳು. ಗೋಡೆಗಳಿನ್ನೂ ಎದ್ದಿರಲಿಲ್ಲ. ಬರೀ ಮರದ ಚೌಕಟ್ಟು, ಅದರ ನಡುವೆ ನಿಂತು ಇದು ಅಡುಗೆಮನೆ, ಇದು ನಿಮ್ಮ ರೂಮು ಎಂದು ಅವಳು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತಿದ್ದಳು. ಪಕ್ಕದಲ್ಲಿ ಒಬ್ಬ ಕೆಲಸದವನು ಪ್ಲೈವುಡ್ ಕೊಯ್ಯುತ್ತಿದ್ದ. ಆ ಹಸಿ ಮರದ ಹುಡಿಯ ವಾಸನೆ ಮೂಗಿಗೆ ಬಡಿಯಿತು. ಮೇಘಾಳಿಗೆ ಅದು ಹೊಸ ಮನೆಯ ವಾಸನೆ. ನನಗೆ ಅದು ಸೀಡರ್ ಪಾರ್ಕ್‌ನ ನಮ್ಮ ಹಳೆಯ ಗ್ಯಾರೇಜಿನ ವಾಸನೆ, ಒಂದು ಇಡೀ ವರ್ಷ ನಾನು ಹೆದರಿಕೊಂಡು ಓಡಾಡಿದ ವಾಸನೆ. ಇವರ ಕಡೆ ನೋಡಿದೆ. ಕೋಲೂರಿ ನಿಂತಿದ್ದರು. ಅವರೂ ನನ್ನ ಕಡೆಯೇ ನೋಡುತ್ತಿದ್ದರು.

ಇವರು ಎಂದರೆ ನನ್ನ ಯಜಮಾನರು, ಕಣ್ಣಿನ ಡಾಕ್ಟರು. ಪೊರೆ ತೆಗೆಯುವ ಆಪರೇಷನ್ನಿನಲ್ಲಿ ಕೈ ಪಳಗಿದವರು. ಮೈಸೂರಿನವರು, ನಾನು ಧಾರವಾಡದವಳು. ಮದುವೆಯಾಗಿ ಎಷ್ಟು ವರ್ಷವಾದರೂ ಇಬ್ಬರ ಕನ್ನಡವೂ ಇದ್ದಲ್ಲಿಂದ ಕದಲಲಿಲ್ಲ. ಇವರಿಗೆ ಎರಡೇ ಹುಚ್ಚು: ಒಂದು ಕಣ್ಣು, ಇನ್ನೊಂದು ರೈಲು. ಬಾಲ್ಯದ ರಜೆಗಳನ್ನೆಲ್ಲ ಅರಸೀಕೆರೆಯ ಸೋದರಮಾವನ ಮನೆಯಲ್ಲಿ, ಅಂದರೆ ಅರಸೀಕೆರೆಯ ಪ್ಲಾಟ್‌ಫಾರಂ ಮೇಲೆ ಕಳೆದವರು. ನಾವು ಹ್ಯೂಸ್ಟನ್‌ನಲ್ಲಿದ್ದಾಗ ಆ ಜಂಕ್ಷನ್ನನ್ನೇ ಗ್ಯಾರೇಜಿನಲ್ಲಿ ಪುಟ್ಟದಾಗಿ ಕಟ್ಟಿದ್ದರು. ಸಿಗ್ನಲ್ಲು, ನೀರಿನ ತೊಟ್ಟಿ, ವಡೆ ಮಾರುವವನು, ಎಲ್ಲ ಇತ್ತು. ಒಂದು ಬೇಸಿಗೆ ಬಿರುಮಳೆಗೆ ಮನೆಯ ಹಿಂದಿನ ಕಾಲುವೆ ತುಂಬಿ ಬೀದಿಗೆ ಬಂತು, ಬೀದಿಯಿಂದ ಗ್ಯಾರೇಜಿಗೂ ಬಂತು. ಒತ್ತಿದ ಮರದ ಪುಡಿಯ ಹಲಗೆಗಳು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿ ಕಳಚಿಕೊಂಡವು. ಬಚಾವಾದ ಇಂಜಿನ್ನು, ಡಬ್ಬಿಗಳನ್ನು ಒಬ್ಬ ಸ್ನೇಹಿತರ ಮನೆಯ ಮೇಲಟ್ಟದಲ್ಲಿಟ್ಟು ನಾವು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ಶಿಫ್ಟ್ ಆದೆವು. ಆಮೇಲೆ ರೈಲಿನ ಮಾತೇ ಇರಲಿಲ್ಲ. ನನಗೂ ಒಳಗೊಳಗೇ ಸಮಾಧಾನವಾಗಿತ್ತೆನ್ನಿ, ಕಾರು ನಿಲ್ಲಿಸಲು ಜಾಗ ಸಿಕ್ಕಿತಲ್ಲ ಎಂದು.

ಕಂಪ್ಯೂಟರ್ ಚಿಪ್ ಕಂಪನಿಗಳು ಜನರನ್ನು ಸಾಲುಸಾಲಾಗಿ ಮನೆಗೆ ಕಳಿಸುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ವಾರಕ್ಕೊಂದು ಮನೆಯ ಮುಂದೆ ಮಾರಾಟದ ಬೋರ್ಡು ಬೀಳುತ್ತಿತ್ತು. ಕಣ್ಣಿನ ಡಾಕ್ಟರಿಗೆ ಅಂಥ ಹೆದರಿಕೆಯಿಲ್ಲ ಎಂದು ಎಲ್ಲರೂ ನನಗೆ ಹೇಳುವವರೇ. ನಾನು ಹೂಂ ಎನ್ನುತ್ತಿದ್ದೆ. ನನ್ನ ಹೆದರಿಕೆ ಬೇರೆಯಿತ್ತು. ಆ ಚಳಿಗಾಲ ಇವರು ಬೆಳಗಿನ ಕಾಫಿಯನ್ನು ಲೋಟ-ಬಟ್ಟಲಲ್ಲಿ ಕುಡಿಯುವುದನ್ನು ಬಿಟ್ಟಿದ್ದರು. ದಪ್ಪನೆಯ ಮಗ್ಗಿಗೆ ಸುರಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಯಾಕೆಂದು ಕೇಳಿದರೆ, ಚಳಿ ಎಂದರು. ಟೆಕ್ಸಸ್‌ನ ಚಳಿ ಎಂಥದೆಂದು ನನಗೆ ಗೊತ್ತಿಲ್ಲವೇ? ಒಮ್ಮೆ ನಾನೇ ಬೇಕೆಂದು ಬಟ್ಟಲಲ್ಲಿ ಲೋಟವಿಟ್ಟು ಕೊಟ್ಟೆ. ಟಿಣಿಟಿಣಿ ಎಂದು ಸಣ್ಣಗೆ ಸದ್ದಾಯಿತು. ಅವರು ಅದನ್ನು ಮೇಜಿನ ಮೇಲಿಟ್ಟು ಪೇಪರ್ ಬಿಡಿಸಿದರು. ಬಲಗೈ ಪೇಪರಿನ ಹಿಂದೆ ಹೋಯಿತು.

ಜನವರಿಯಲ್ಲಿ, ಸೀಡರ್ ಮರದ ಹೂಪುಡಿಗೆ ಊರಿಗೆ ಊರೇ ಸೀನುತ್ತಿದ್ದಾಗ, ಇದ್ದಕ್ಕಿದ್ದಂತೆ ಹ್ಯೂಸ್ಟನ್‌ಗೆ ಹೋಗಿ ಬರೋಣ ಎಂದರು. ಅಟ್ಟದ ಮೇಲಿನ ಪೆಟ್ಟಿಗೆಗಳನ್ನೆಲ್ಲ ಕಾರಿಗೆ ತುಂಬಿದರು. ಮರಳುವಾಗ ಹೊಲಗಳ ನಡುವಿನ ಆ ಉದ್ದನೆಯ ರಸ್ತೆಯಲ್ಲಿ ನಾನೇ ಡ್ರೈವ್ ಮಾಡಿದೆ. ಅವರಾಗಿಯೇ ಕೀಲಿಕೈ ಕೊಟ್ಟಿದ್ದರು, ಅದೂ ನನಗೆ ಹಿಡಿಸಲಿಲ್ಲ. ಮರುವಾರ ನನ್ನ ಕಾರು ಗ್ಯಾರೇಜಿನಿಂದ ಹೊರಬಿತ್ತು, ಪ್ಲೈವುಡ್ ಒಳಬಂತು.

"ಅಲ್ರೀ, ಈಗ್ಯಾಕ ಇದು ಮತ್ತ?" ಎಂದೆ.

"ಹಲಗೆಯಿಂದಲೇ ಶುರು ಮಾಡಣ ಅಂತ. ಈ ಸಲ ಗಟ್ಟಿಯಾಗಿ," ಎಂದರು, ಕೇಳಿದ ಪ್ರಶ್ನೆಗೆ ಉತ್ತರವಲ್ಲದ್ದನ್ನು.

ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್, ಅದರ ಮೇಲೆ ಬಾಟಲಿಯ ಬಿರಡೆ ಮಾಡುವ ಕಾರ್ಕಿನ ತೆಳು ಹಾಳೆ, ಅದರ ಮೇಲೆ ಹಳಿ. ಗರಗಸ ಹಿಡಿದಿದ್ದಷ್ಟು ದಿನ ನನಗೆ ಗಾಬರಿಯಾಗಲಿಲ್ಲ. ದೊಡ್ಡ ಕೆಲಸದಲ್ಲಿ ಅವರ ಕೈ ತಕರಾರು ಮಾಡುತ್ತಿರಲಿಲ್ಲ. ಮೂಲೆಗಳನ್ನು ಮೂಲೆಮಟ್ಟಕ್ಕೆ ಸರಿಯಾಗಿ ಕೂಡಿಸಿ, ಮೇಲೆ ರಸಮಟ್ಟವಿಟ್ಟು, ಹಲಗೆಯ ಮೇಲೆ ನನ್ನನ್ನೇ ಕೂರಿಸಿ ಗಟ್ಟಿಯೋ ಇಲ್ಲವೋ ನೋಡಿದರು. ನನ್ನ ತೂಕ ತಡೆದದ್ದು ಅರಸೀಕೆರೆಗೆ ಬರುವ ಯಾವ ಗಾಡಿಯನ್ನಾದರೂ ತಡೆಯುತ್ತದೆ ಎಂದು ನಕ್ಕರು. ನಾನೂ ನಕ್ಕೆ. ಆ ವರ್ಷ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಕಡಿಮೆ, ಅದಕ್ಕೇ ನೆನಪಿದೆ.

ಬೆಸುಗೆ ಕೆಲಸ ಶುರುವಾದ ಮೇಲೆ ನನ್ನ ನೆಮ್ಮದಿ ಹೋಯಿತು. ಹಳಿಯ ಪ್ರತಿ ತುಂಡಿಗೂ ವೈರು ಬೆಸೆಯಬೇಕು. ಬೆಸೆಯುವ ಸೀಸ, ಅಂದರೆ ಸೋಲ್ಡರ್, ಕರಗಿ ಮತ್ತೆ ಗಟ್ಟಿಯಾಗುವ ಒಂದು ಗಳಿಗೆ ಇದೆಯಲ್ಲ, ಆಗ ಕೈ ಅಲ್ಲಾಡಬಾರದು. ಅಲ್ಲಾಡಿದರೆ ನೋಡಲು ಹಿಡಿದಂತೆ ಕಂಡರೂ ಕರೆಂಟು ನೆಟ್ಟಗೆ ಹಾಯುವುದಿಲ್ಲ. ಇವರು ಮೊಣಕೈಗಳೆರಡನ್ನೂ ಹಲಗೆಗೆ ಒತ್ತಿ, ಬಲಗೈ ಮಣಿಕಟ್ಟನ್ನು ಎಡಗೈಯಿಂದ ಬಿಗಿಯಾಗಿ ಹಿಡಿದು, ಉಸಿರು ಬಿಗಿಹಿಡಿದು ಬೆಸೆಯುತ್ತಿದ್ದರು. ಆಮೇಲೆ ಆಪರೇಷನ್ನಿಗೆ ಹಾಕುವ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಆ ಸಾಸಿವೆ ಗಾತ್ರದ ಬೆಸುಗೆಯನ್ನು ಬಹಳ ಹೊತ್ತು ನೋಡುತ್ತಿದ್ದರು. ಕೆಲವನ್ನು ಬಿಡಿಸಿ ಮತ್ತೆ ಹಾಕುತ್ತಿದ್ದರು. ನಾನು ಬಟ್ಟೆ ಒಗೆಯುವ ಮಷೀನಿನ ನೆಪದಲ್ಲಿ ಗ್ಯಾರೇಜಿಗೆ ಹೋಗಿ ಬರುತ್ತಿದ್ದೆ. ಒಗೆದ ಬಟ್ಟೆಯನ್ನೇ ಎರಡೆರಡು ಸಲ ಒಗೆದಿದ್ದೇನೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಸುಂಟರಗಾಳಿಯ ಸೈರನ್ ಕೂಗಿತು. ಕಿಟಕಿಯಿಲ್ಲದ ಜಾಗವೆಂದರೆ ಮನೆಯ ನಡುವಿನ ಬಚ್ಚಲು. ಟಬ್ಬಿನ ಅಂಚಿನ ಮೇಲೆ ಇಬ್ಬರೂ ಕುಳಿತೆವು. ಹೊರಗೆ ಆಲಿಕಲ್ಲು ಬೀಳುತ್ತಿತ್ತು, ನನ್ನ ಕಾರಿನ ಮೇಲೇ ಬೀಳುತ್ತಿದೆ ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಕಾರಿನ ಚಿಂತೆ ನನಗಿರಲಿಲ್ಲ. ತೊಡೆಯ ಮೇಲಿಟ್ಟ ಅವರ ಬಲಗೈ, ಏನೂ ಕೆಲಸವಿಲ್ಲದೆ ಸುಮ್ಮನೆ ಇದ್ದಾಗಲೂ, ಹೆಬ್ಬೆರಳಿಂದ ತೋರುಬೆರಳನ್ನು ತೀಡುತ್ತ ಅಲುಗುತ್ತಿತ್ತು. ನಾನು ಅದರ ಮೇಲೆ ನನ್ನ ಕೈಯಿಟ್ಟೆ. ನನ್ನ ಕೈಯ ಕೆಳಗೂ ಅದು ನಿಲ್ಲಲಿಲ್ಲ.

"ಗುಡುಗಿಗೆ," ಎಂದರು.

"ಗುಡುಗು ನಿಂತು ಭಾಳ ಹೊತ್ತಾತ್ರಿ."

ಅವರು ಬಚ್ಚಲ ಬಾಗಿಲನ್ನೇ ನೋಡುತ್ತ ಹೇಳಿದರು: "ವಿಜೂ, ನಾನು ಒಂದು ಲೆಕ್ಕ ಹಾಕ್ಕೊಂಡಿದೀನಿ. ಈ ಕೈಯಲ್ಲೇ ಅಷ್ಟೂ ಜಾಯಿಂಟು ಹಾಕ್ತೀನಿ. ಗಾಡಿ ಎಲ್ಲೂ ನಿಲ್ಲದೆ ಒಂದು ರೌಂಡ್ ಬಂದ್ರೆ ಕೈಗೇನೂ ಆಗಿಲ್ಲ ಅಂತ ಅರ್ಥ."

"ನಿಂತ್ರ?"

"ನಿಂತ್ರೆ ಸರ್ಜರಿ ಬಿಟ್ಬಿಡ್ತೀನಿ."

"ಇದನ್ನ ನೋಡಾಕ ಡಾಕ್ಟರ್ ಇರ್ತಾರಲ್ರೀ."

"ನಾನೇ ಡಾಕ್ಟರು."

"ಪೇಷಂಟೂ ನೀವ, ಡಾಕ್ಟರೂ ನೀವ ಆದ್ರ ಹೆಂಗ್ರಿ?"

ಸೈರನ್ ನಿಂತಿತು, ಅವರು ಎದ್ದು ಗ್ಯಾರೇಜಿಗೆ ಹೋದರು. ಬೇರೆ ಡಾಕ್ಟರ ಹೆಂಡಂದಿರು ಏನು ಮಾಡುತ್ತಾರೋ ಗೊತ್ತಿಲ್ಲ. ನನ್ನ ಕೈಯಲ್ಲಿದ್ದದ್ದು ದೇವರ ಮುಂದೆ ದೀಪ ಹಚ್ಚುವುದು. ದೀಪ ಹಚ್ಚಿ ಏನನ್ನು ಬೇಡುವುದೆಂದೇ ತಿಳಿಯುತ್ತಿರಲಿಲ್ಲ. ಗಾಡಿ ಓಡಲಿ ಎನ್ನಲೇ, ನಿಲ್ಲಲಿ ಎನ್ನಲೇ? ಓಡಿದರೆ ಅವರು ಕತ್ತಿ ಹಿಡಿದು ಇನ್ನೊಬ್ಬರ ಕಣ್ಣಿಗೆ ಬಾಗುತ್ತಾರೆ. ನಿಂತರೆ ಇವರ ಎದೆ ಒಡೆಯುತ್ತದೆ. ದಿನವೂ ಕೈಮುಗಿದು ಸುಮ್ಮನೆ ಏಳುತ್ತಿದ್ದೆ.

ಬೇಸಿಗೆಯಲ್ಲಿ ಗ್ಯಾರೇಜು ಒಲೆಯಾಯಿತು. ಬಾಗಿಲನ್ನು ಅರ್ಧ ಎತ್ತಿ, ದೊಡ್ಡ ಫ್ಯಾನಿಟ್ಟುಕೊಂಡು, ಬನಿಯನ್ನಿನಲ್ಲಿ ಬೆವರುತ್ತ ಕೆಲಸ ಮಾಡಿದರು. ಬೆಸುಗೆಯ ರಾಳದ ಹೊಗೆ ಅಡುಗೆಮನೆಗೂ ಬಂದು ಒಗ್ಗರಣೆಯ ವಾಸನೆಯಲ್ಲಿ ಸೇರುತ್ತಿತ್ತು. ಡಲ್ಲಾಸ್‌ನಲ್ಲಿ ಓದುತ್ತಿದ್ದ ಮೇಘಾ ರಜೆಗೆ ಬಂದವಳು ಎಲ್ಲ ನೋಡಿ, "ಡ್ಯಾಡ್, ಇಟ್ಸ್ ಬ್ಯೂಟಿಫುಲ್," ಎಂದಳು. ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ, "ಅಮ್ಮಾ, ಈಸ್ ಹಿ ಓಕೆ?" ಎಂದು ಕೇಳಿದಳು. ನಾನು, ಅಪ್ಪನಿಗೆ ವಯಸ್ಸಾಗಿದೆ, ಸೆಖೆ ಬೇರೆ, ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಇವರು ನಡುವೆ ಒಂದು ಸಲವೂ ಗಾಡಿ ಓಡಿಸಿ ನೋಡಲಿಲ್ಲ. ಹಾಗೆ ನೋಡಿದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ನೋಡಿದಂತೆ ಎಂಬ ಹಟ. ಕ್ಲಿನಿಕ್ಕಿನಲ್ಲಿ ಆಪರೇಷನ್ನುಗಳು ನಡೆದೇ ಇದ್ದವು, ಎಲ್ಲ ಸರಿಯಾಗಿಯೇ ಆಗುತ್ತಿದ್ದವು. ಆಪರೇಷನ್ನಿನ ದಿನ ಅವರ ಕಾರು ಮನೆಗೆ ತಿರುಗುವ ತನಕ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕಿರಾಣಿ ಅಂಗಡಿಯಲ್ಲಿ ಒಬ್ಬ ಅಮೆರಿಕನ್ ಅಜ್ಜಿ ನನ್ನನ್ನು ಗುರುತು ಹಿಡಿದು ನಿಲ್ಲಿಸಿದರು. ಇವರ ಹಳೆಯ ಪೇಷಂಟು. ವರ್ಷವರ್ಷವೂ ತಮ್ಮ ತೋಟದ, ಅಕ್ರೋಟಿನಂಥ ಪೀಕನ್ ಕಾಯಿಗಳನ್ನು ಚೀಲದಲ್ಲಿ ಕಳಿಸುವವರು. ಒಂದು ಕಣ್ಣಿನ ಆಪರೇಷನ್ ಇವರೇ ಮಾಡಿದ್ದರು, ಈಗ ಸೂಜಿಗೆ ನಾನೇ ದಾರ ಪೋಣಿಸುತ್ತೇನೆ ಎಂದು ಹೆಮ್ಮೆಯಿಂದ ಹೇಳಿದರು. ಎರಡನೆಯದನ್ನೂ ನವೆಂಬರಿನಲ್ಲಿ ಡಾಕ್ಟರ ಕೈಯಿಂದಲೇ ಮಾಡಿಸುತ್ತೇನೆ, ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ ಎಂದು ನನ್ನ ಕೈ ಹಿಡಿದು ಅದುಮಿದರು. ನಾನು ಸಾಮಾನಿನ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಬಂದು ಕಾರಿನಲ್ಲಿ ಕುಳಿತು ಅತ್ತೆ.

ದಸರೆ ಬಂತು. ನಮ್ಮಲ್ಲಿ ಹಬ್ಬಗಳೆಲ್ಲ ರಜೆ ನೋಡಿಕೊಂಡು ಶನಿವಾರಕ್ಕೇ ಬರುತ್ತವೆ, ಪಂಚಾಂಗ ಏನೇ ಹೇಳಲಿ. ಆಯುಧಪೂಜೆಯ ದಿನವೇ ಮೊದಲ ಗಾಡಿ ಓಡಿಸೋಣ ಎಂದವಳು ನಾನೇ. ದೇವರ ಮುಂದೆ ಆಗುವುದು ಆಗಲಿ ಎಂಬ ಧೈರ್ಯ. ಹತ್ತಿರದ ನಾಲ್ಕಾರು ಕನ್ನಡದ ಮನೆಯವರನ್ನು ಊಟಕ್ಕೆ ಕರೆದೆವು. ಇವರು ಪ್ರತಿವರ್ಷದಂತೆ ಕ್ಲಿನಿಕ್ಕಿನಿಂದ ತಮ್ಮ ಸ್ವಂತದ ಪುಟ್ಟ ಚಿಮುಟ, ಆ ಫೋರ್ಸೆಪ್ಸ್, ತಂದು ದೇವರ ಮನೆಯಲ್ಲಿಟ್ಟರು. ಮೈಸೂರಿನಲ್ಲಿ ಕೆಲಸ ಕಲಿಯುವಾಗ ಕೊಂಡದ್ದು, ಎಲ್ಲಿಗೆ ಹೋದರೂ ಜೊತೆಗೆ ಬಂದದ್ದು. ಪೂಜೆಯ ದಿನ ಅದಕ್ಕೆ ವಿಶ್ರಾಂತಿ, ಮರುದಿನ ವಿಜಯದಶಮಿಗೆ ಮತ್ತೆ ಕೈಗೆ. ಅದು ಅವರ ಪದ್ಧತಿ.

ಅವರು ಸ್ನಾನಕ್ಕೆ ಹೋದಾಗ ನಾನು ಗ್ಯಾರೇಜಿಗೆ ಹೋದೆ. ಮನೆಯ ಕುಕ್ಕರು, ಮಿಕ್ಸಿ, ಕಾರುಗಳಿಗೆಲ್ಲ ಅರಿಶಿನ ಕುಂಕುಮವಾಗಿತ್ತು. ವರ್ಷವಿಡೀ ಮನೆಯನ್ನು ಕಾಡಿದ ಈ ಗಾಡಿಗೆ ಆಗದಿದ್ದರೆ ಹೇಗೆ? ಅರಿಶಿನವನ್ನು ನೀರಲ್ಲಿ ಕಲಸಿ ಇಂಜಿನ್ನಿನ ಹಣೆಗೆ ಹಚ್ಚಿದೆ, ಮೇಲೆ ಕುಂಕುಮವಿಟ್ಟೆ. ಡಬ್ಬಿಗಳಿಗೂ ಇಟ್ಟೆ. ಹಳಿಯನ್ನೇಕೆ ಬಿಡುವುದೆಂದು ಉದ್ದಕ್ಕೂ ಅಲ್ಲಲ್ಲಿ ಹಳಿಗೂ ಹಚ್ಚಿದೆ. ಗಾಲಿಯಡಿ ನಿಂಬೆಹಣ್ಣು ಇಡೋಣವೆಂದರೆ ಹಣ್ಣೇ ಇಂಜಿನ್ನಿಗಿಂತ ದಪ್ಪ. ಹಾಗಾಗಿ ನಿವಾಳಿಸಿ, ಕೊಯ್ದು, ನಾಲ್ಕು ಹನಿ ರಸವನ್ನು ಹಳಿಯ ಮೇಲೆ ಹಿಂಡಿದೆ. ಸೇವಂತಿಗೆ ಎಸಳು ಉದುರಿಸಿ ಕೈಮುಗಿದೆ. ಆಗಲೂ ಏನನ್ನೂ ಬೇಡಲಿಲ್ಲ.

ಮಧ್ಯಾಹ್ನ ಎಲ್ಲರೂ ಗ್ಯಾರೇಜಿನಲ್ಲಿ ಸುತ್ತ ನಿಂತರು. ಇವರು ಪಂಚೆಯುಟ್ಟು, ದಾರಿಗಡ್ಡ ಬಂದ ಎಸಳುಗಳನ್ನು ಸರಿಸಿ, ಗುಂಡಿ ತಿರುಗಿಸಿದರು. ಗಾಡಿ ಹೊರಟಿತು. ಜನ ಚಪ್ಪಾಳೆ ತಟ್ಟಿದರು. ಒಂದು ಮಾರು ಹೋಗಿ ನಿಂತಿತು. ಬೆರಳಿಂದ ತಳ್ಳಿದರೆ ಹೊರಟಿತು, ಮತ್ತೆ ನಿಂತಿತು. ನೀರಿನ ತೊಟ್ಟಿಯ ಹತ್ತಿರ, ತಿರುವಿನಲ್ಲಿ, ಪ್ಲಾಟ್‌ಫಾರಂ ಮುಂದೆ, ಎಲ್ಲೆಲ್ಲೂ ನಿಂತಿತು. ಚಿಪ್ ಫ್ಯಾಕ್ಟರಿಯ ಎಂಜಿನಿಯರ್ ಪ್ರಭು ಅವರು ಬಗ್ಗಿ ನೋಡಿ, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ ಅಂದರು: "ಡಾಕ್ಟ್ರೇ, ಜಾಯಿಂಟ್‌ಗಳದ್ದೇ ಪ್ರಾಬ್ಲಂ ಇರ್ಬೇಕು. ಸೋಲ್ಡರ್ ಆರೋವಾಗ ಕೈ ಸ್ವಲ್ಪ ಅಲ್ಲಾಡಿದ್ರೂ ಹೀಗೇ ಆಗತ್ತೆ."

ಇವರ ಮುಖ ನಾನು ನೋಡಲಾರದೆ ಹೋದೆ. "ಇರಬಹುದು," ಎಂದರು. "ನಡೀರಿ, ಊಟ ಆರೋಗತ್ತೆ." ಎಲ್ಲರನ್ನೂ ಒಳಗೆ ಕಳಿಸಿ, ಸ್ವಿಚ್ ಆಫ್ ಮಾಡಿ ಬರುತ್ತೇನೆಂದು ಹಿಂದುಳಿದರು. ಬರಲು ತುಸು ಹೊತ್ತೇ ಹಿಡಿಯಿತು. ಬಂದು ಎಲ್ಲರಿಗೂ ತಾವೇ ಒಬ್ಬಟ್ಟು ಬಡಿಸಿದರು, ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು.

ಜನ ಹೋದ ಮೇಲೆ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, "ಸೋಮವಾರ ಕ್ಲಿನಿಕ್‌ನಲ್ಲಿ ಹೇಳ್ತೀನಿ. ಸರ್ಜರಿ ನಿಲ್ಲಿಸ್ತೀನಿ," ಎಂದರು. ನಾನು ತೊಳೆಯುತ್ತಿದ್ದ ಪಾತ್ರೆಯಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ನನ್ನ ಮುಖದ ಮೇಲಿನ ನೆಮ್ಮದಿಯನ್ನು ಅವರು ಕಂಡುಬಿಡುತ್ತಿದ್ದರು. ಅಷ್ಟು ತಿಂಗಳಲ್ಲಿ ಅಂದು ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ.

ಬೆಳಗ್ಗೆ ಬೇಗ ಎದ್ದು, ಬಾಡಿದ ಹೂವೆಲ್ಲ ತೆಗೆಯಲೆಂದು ಒದ್ದೆ ಬಟ್ಟೆ ಹಿಡಿದು ಗ್ಯಾರೇಜಿಗೆ ಹೋದೆ. ಹಳಿಯನ್ನು ಒಂದು ಗೇಣು ಒರೆಸಿದೆ. ಬಟ್ಟೆಗೆ ಕೆಂಪು ಹತ್ತಿತು. ನಿಂಬೆರಸದಲ್ಲಿ ಅರಿಶಿನ ಕುಂಕುಮ ನೆನೆದು, ಒಣಗಿ, ಹಳಿಗೆ ಹಕ್ಕಳೆಯಾಗಿ ಅಂಟಿತ್ತು. ಇಂಜಿನ್ನು ಎತ್ತಿ ತಿರುವಿ ನೋಡಿದೆ. ಗಾಲಿಗಳಿಗೆಲ್ಲ ಕೆಂಪು ಅಂಚು. ನಾನು ಹಚ್ಚಿದ್ದನ್ನೆಲ್ಲ ಅದು ಹೋದಲ್ಲೆಲ್ಲ ಬಳಿದುಕೊಂಡು ಬಂದಿತ್ತು. ಹಳಿಯಿಂದ ಗಾಲಿಗೆ ಕರೆಂಟು ಹಾಯಬೇಕು ಎನ್ನುವಷ್ಟು ನನಗೂ ಗೊತ್ತಿತ್ತು. ಪೂರ್ತಿ ಹಳಿಯನ್ನು ಒರೆಸಿದೆ, ಗಾಲಿಗಳನ್ನು ಉಜ್ಜಿದೆ, ಗುಂಡಿ ತಿರುಗಿಸಿದೆ. ಗಾಡಿ ಹೊರಟಿತು. ತೊಟ್ಟಿ ದಾಟಿತು, ತಿರುವು ದಾಟಿತು, ಪ್ಲಾಟ್‌ಫಾರಂ ದಾಟಿತು. ಎಲ್ಲೂ ನಿಲ್ಲದೆ ಸುತ್ತು ಹೊಡೆದು ನನ್ನ ಮುಂದೆ ಬಂತು. ಅಷ್ಟೂ ಬೆಸುಗೆ ಗಟ್ಟಿಯಾಗಿತ್ತು.

ನಾನು ಅದನ್ನು ನಿಲ್ಲಿಸಿ, ಇಂಜಿನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಕುಂಕುಮದ ಭರಣಿ ಅಲ್ಲೇ ಇತ್ತು. ಒಂದು ಚಿಟಿಕೆ ಸಾಕು, ಯಾರಿಗೂ ತಿಳಿಯುವುದಿಲ್ಲ, ಅಜ್ಜಿಯ ಕಣ್ಣು ಉಳಿಯುತ್ತದೆ, ನನ್ನ ನಿದ್ದೆ ಉಳಿಯುತ್ತದೆ. ಆದರೆ ಇವರು? ಅಷ್ಟು ಕಷ್ಟಪಟ್ಟು, ಉಸಿರು ಬಿಗಿಹಿಡಿದು ಹಾಕಿದ ಒಂದೊಂದು ಬೆಸುಗೆಯೂ ಸರಿಯಾಗಿದ್ದು, ತಮ್ಮ ಕೈ ಎಲ್ಲವನ್ನೂ ಕೆಡಿಸಿತೆಂದು ಬದುಕಿಡೀ ನಂಬಿಕೊಂಡು ಕೂರಬೇಕೇ? ಅದು ನನ್ನಿಂದಾಗಲಿಲ್ಲ. ನನಗೆ ಸಿಟ್ಟೂ ಬಂತು, ಈ ಮನುಷ್ಯ ಇಂಥ ದೊಡ್ಡ ಮಾತನ್ನು ಆಟದ ಗಾಡಿಯ ಮೇಲೆ ಹೊರಿಸಿದರಲ್ಲ ಎಂದು. ಒಳಗೆ ಹೋಗಿ ಎಬ್ಬಿಸಿ ಕರೆತಂದೆ. ಗುಂಡಿ ತಿರುಗಿಸಿದೆ.

ಅವರು ಗಾಡಿಯನ್ನು ಪೂರ್ತಿ ಸುತ್ತು ಕಣ್ಣಲ್ಲೇ ಹಿಂಬಾಲಿಸಿದರು.

"ನಿಮ್ಮ ಜಾಯಿಂಟ್ ಎಲ್ಲಾ ಛಲೋ ಅದಾವ್ರಿ," ಎಂದೆ. "ನಾ ಹಚ್ಚಿದ ಕುಂಕುಮದ್ದು ಆಟ ಅದು. ನಿಮ್ಮ ಕೈದಲ್ಲ. ಖರೆ ಹೇಳೇನಿ ನೋಡ್ರಿ. ಈಗ ಇದನ್ನೂ ಕೇಳ್ರಿ. ಗಾಡಿ ಓಡಿದ್ರೂ ನನಗ ಹೆದರಿಕಿ ಹೋಗಿಲ್ಲ. ಆಪರೇಷನ್ ಬಿಡ್ರಿ. ಗಾಡಿ ಮಾತು ಕೇಳಿ ಬ್ಯಾಡ. ನನ್ನ ಮಾತು ಕೇಳಿ ಬಿಡ್ರಿ."

ಅವರು ಸ್ಟೂಲಿನ ಮೇಲೆ ಕುಳಿತು, "ನಂಗೆ ನಿನ್ನೆನೇ ಗೊತ್ತಾಯ್ತು, ವಿಜೂ," ಎಂದರು. "ನೀವೆಲ್ಲ ಊಟಕ್ಕೆ ಹೋದಾಗ ಇಂಜಿನ್ ತಿರುಗಿಸಿ ನೋಡಿದೆ. ಚಕ್ರ ಕೆಂಪಗಿತ್ತು."

"ಮತ್ತ್ಯಾಕ ಹೇಳಲಿಲ್ಲ?"

"ಒರೆಸಿ ಓಡಿಸಿದ್ರೆ ಓಡಿಬಿಡೋದು. ಓಡಿದ್ರೆ ನವೆಂಬರ್‌ನಲ್ಲಿ ಆ ಅಜ್ಜಿ ಕಣ್ಣು ಮುಟ್ಟಬೇಕಾಗಿತ್ತು." ಬಲಗೈಯನ್ನು ಹಲಗೆಯ ಮೇಲೆ, ಹಳಿಯ ಪಕ್ಕ, ಅಂಗೈ ಮೇಲಾಗಿ ಇಟ್ಟರು. ಮಣಿಕಟ್ಟನ್ನು ಹಿಡಿದುಕೊಳ್ಳಲಿಲ್ಲ, ಬಚ್ಚಿಡಲಿಲ್ಲ. ಅದು ಅಲುಗುತ್ತಲೇ ಇತ್ತು. "ನಂಗೆ ಭಯ ಆಗ್ತಿದೆ."

ವರ್ಷವಿಡೀ ನನ್ನೊಬ್ಬಳದೇ ಎಂದುಕೊಂಡಿದ್ದ ಮಾತು ಅದು. ನಾನು ಅವರ ಪಕ್ಕದಲ್ಲಿ ಪ್ಲೈವುಡ್ಡಿನ ಮೇಲೆಯೇ ಕುಳಿತೆ. ಆ ವಾರ ಅವರೇ ಫೋನ್ ಮಾಡಿ ಹ್ಯೂಸ್ಟನ್‌ನ ನರರೋಗದ ಡಾಕ್ಟರನ್ನು ನೋಡುವ ದಿನ ಗೊತ್ತು ಮಾಡಿದರು. ಪಾರ್ಕಿನ್ಸನ್ಸ್, ನಿಧಾನದ್ದು, ಎಂದರು ಅಲ್ಲಿ. ಅಜ್ಜಿಯ ಎರಡನೇ ಕಣ್ಣನ್ನು ಇವರ ಜೊತೆಯ ಕಿರಿಯ ಡಾಕ್ಟರೊಬ್ಬರು ಮಾಡಿದರು. ಇವರು ಪಕ್ಕದಲ್ಲಿ ನಿಂತು ಅಜ್ಜಿಯ ಕೈ ಹಿಡಿದುಕೊಂಡಿದ್ದರಂತೆ. ಆ ವರ್ಷವೂ ಪೀಕನ್ ಬಂತು.

ಪ್ರಾಸ್ಪರ್‌ನ ಆ ಚೌಕಟ್ಟಿನ ಮನೆಯಲ್ಲಿ ಮೇಘಾ ಕೊನೆಗೆ ಒಂದು ಮೂಲೆ ತೋರಿಸಿ, "ಅಮ್ಮಾ, ದೇವರ ಮನೆ ಹಿಯರ್, ಓಕೆ?" ಎಂದಳು. ಶೆಲ್ಫ್ ಎಷ್ಟು ಅಗಲ ಬೇಕೆಂದು ಕೇಳಿದಳು. ನಾನು ಲೆಕ್ಕ ಹಾಕುವಷ್ಟರಲ್ಲಿ ಇವರೇ, ಫೋರ್ಸೆಪ್ಸ್‌ಗೆ ಜಾಗ ಬಿಟ್ಟು ನೋಡು ಎಂದರು. ಆ ವಿಜಯದಶಮಿಯ ಬೆಳಗ್ಗೆ ಗ್ಯಾರೇಜಿನಿಂದ ಒಳಗೆ ಬಂದವರು ಸ್ನಾನ ಮಾಡಿ, ದೇವರ ಮನೆಗೆ ಹೋಗಿ, ಅದಕ್ಕೆ ನಮಸ್ಕಾರ ಮಾಡಿ ಬರಿಗೈಯಲ್ಲಿ ಹೊರಬಂದಿದ್ದರು. ಅದನ್ನು ಅವರು ಮತ್ತೆ ಕೈಗೆತ್ತಿಕೊಂಡಿಲ್ಲ. ವರ್ಷಕ್ಕೊಮ್ಮೆ ನಾನೇ ತೊಳೆದು, ಒರೆಸಿ, ಕುಂಕುಮವಿಡುತ್ತೇನೆ.